ವಿರಾಜಪೇಟೆಯ ಈ ಆಸ್ಪತ್ರೆಯ ತುರ್ತು ಚಿಕಿತ್ಸೆ: ಚೇಳೋ, ಮಾತ್ರೆಯೋ?

ಪುಟ್ಟ ಮಕ್ಕಳಿರುವವರಿಗೆ ಈ ತುರ್ತು ಚಿಕಿತ್ಸಾ ವಿಭಾಗ ಗೊತ್ತಿರಲಿ. ನಾನು ಸಿದ್ದಾಪುರದ ಬಳಿಯ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ನೋಡುವ ರೈಟರ್. ಫೆಬ್ರವರಿಯಲ್ಲಿ, ಒಣಗಿದ ಕಾಫಿಯನ್ನು ಚೀಲಕ್ಕೆ ತುಂಬಿಸುತ್ತಿದ್ದ ಹೊತ್ತಿಗೆ, ಮೂರು ವರ್ಷದ ಮಗಳು ಮನೆಯೊಳಗಿಂದ ಚೀರುತ್ತಾ ಬಂದಳು. ವಾಂತಿ, ಜೊಲ್ಲು, ಮೈಯೆಲ್ಲ ಬೆವರು. ಒಳಗೆ ನನ್ನ ತಂದೆಯ ಬಿ.ಪಿ. ಮಾತ್ರೆಗಳು ನೆಲದ ಮೇಲೆ ಚೆಲ್ಲಿದ್ದವು. ಉಪ್ಪುನೀರು ಕುಡಿಸಿ ಎಂದು ಅಕ್ಕಪಕ್ಕದವರು ಹೇಳಿದರೂ ನನ್ನ ಹೆಂಡತಿ ಒಪ್ಪಲಿಲ್ಲ. ಮಾತ್ರೆಯ ಸ್ಟ್ರಿಪ್ ಎತ್ತಿಕೊಂಡು ಜೀಪು ಹತ್ತಿದಳು.

ವೈದ್ಯೆ ಮೊದಲು ಸ್ಟ್ರಿಪ್ ನೋಡಿ ಮಾತ್ರೆಯ ಹೆಸರು ಬರೆದುಕೊಂಡರು. ನರ್ಸ್ ಬಟ್ಟೆ ಬಿಚ್ಚಿ ಬೆರಳ ಸಂದಿಗಳಿಗೆಲ್ಲ ಟಾರ್ಚ್ ಬಿಟ್ಟರು. ಗುರುತೇ ಇರಲಿಲ್ಲ. ಚೇಳು ಕುಟುಕಿದಲ್ಲಿ ಗುರುತು, ಊತ ಇಲ್ಲದಿರುವುದೂ ಉಂಟಂತೆ. ವೈದ್ಯೆ ಕಾಲ್ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟುತ್ತಾ ಹೋದರು. ಎಡಗಾಲಿನ ಕಿರುಬೆರಳು ಮುಟ್ಟಿದ್ದೇ ತಡ, ಮಗು ಕಾಲೆಳೆದುಕೊಂಡು ಕಿರುಚಿತು.

ಆಮೇಲೆ ಅವರು ಬಿಡಿಸಿ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. ಬಿ.ಪಿ. ಮಾತ್ರೆ ಅತಿಯಾದರೆ ರಕ್ತದೊತ್ತಡ ಕುಸಿಯುತ್ತದೆ, ಮಗು ಮಂಕಾಗುತ್ತದೆ. ಇವಳಿಗೆ ಒತ್ತಡ ಏರಿತ್ತು, ನಾಡಿ ಓಡುತ್ತಿತ್ತು, ಕೈಕಾಲು ತಣ್ಣಗಿದ್ದವು. ತೋಟಕ್ಕೆ ಹೊಡೆಯುವ ಕೆಲವು ಕೀಟನಾಶಕಗಳಿಂದಲೂ ಬೆವರು, ಜೊಲ್ಲು, ವಾಂತಿ ಬರುತ್ತವೆ. ಆಗ ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ. ಇವಳ ಪಾಪೆ ಅಗಲವಾಗಿತ್ತು. ಉಮ್ಮತ್ತಿಯ ಕಾಯಿ ತಿಂದರೂ ಪಾಪೆ ಅಗಲವಾಗುತ್ತದೆ, ಆದರೆ ಬಾಯಿ, ಚರ್ಮ ಒಣಗಿರುತ್ತವೆ. ಹಾಗಾಗಿ ಉಳಿದದ್ದು ಚೇಳು.

ಇಷ್ಟು ತಾಳ್ಮೆಯಿಂದ ನೋಡಿದ್ದಕ್ಕೆ ಕಾರಣವಿದೆ. ಚೇಳಿನ ವಿಷಕ್ಕೆ ಅವರು ಕೊಟ್ಟ ಪ್ರಾಜೋಸಿನ್ ಕೂಡ ರಕ್ತದೊತ್ತಡ ಇಳಿಸುವ ಔಷಧವೇ. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರಿಂದ ಈ ಚಿಕಿತ್ಸೆ ಹೆಸರಾಯಿತು. ಮಗು ನಿಜಕ್ಕೂ ಅಜ್ಜನ ಮಾತ್ರೆ ನುಂಗಿದ್ದರೆ, ಇಳಿದ ಒತ್ತಡ ಇನ್ನಷ್ಟು ಇಳಿದು ಜೀವಕ್ಕೇ ಕುತ್ತಾಗುತ್ತಿತ್ತು. ಇಸಿಜಿ ತೆಗೆದು, ಪಾದ ಬೆಚ್ಚಗಾಗುವವರೆಗೆ ಮೂರು ಗಂಟೆಗೊಮ್ಮೆ ಔಷಧ ಕೊಟ್ಟು, ಏಳಲು ಬಿಡದೆ ಮಲಗಿಸಿಯೇ ನೋಡಿಕೊಂಡರು. ಆ ವೈದ್ಯೆಗೂ ನರ್ಸಿಗೂ ನಮ್ಮ ಮನೆ ಋಣಿ.

ಮಗುವನ್ನು ಎತ್ತಿಕೊಂಡು ನಿಂತಿದ್ದವನನ್ನು ಕೌಂಟರಿನವರು ಮುಂಗಡ ಕಟ್ಟಲು ಅಟ್ಟಿದ್ದು ಮಾತ್ರ ಸರಿಯಲ್ಲ. ತುರ್ತು ವಿಭಾಗದಲ್ಲಿ ಹಣದ ಮಾತು ಆಮೇಲೆ ಬರಲಿ. ಆಸ್ಪತ್ರೆಯವರಿಗೆ ಇನ್ನೊಂದು ಬೇಡಿಕೆ: ಇದನ್ನೆಲ್ಲ ತಿಳಿಸಿಕೊಡಲು ಆ ವೈದ್ಯೆಯನ್ನು ಒಂದು ಭಾನುವಾರ ನಮ್ಮ ತೋಟದ ಕಾರ್ಮಿಕರ ಲೈನ್‌ಮನೆಗಳಿಗೆ ಕಳುಹಿಸಿಕೊಡಿ, ತಾಯಂದಿರನ್ನು ಸೇರಿಸುವ ಹೊಣೆ ನನ್ನದು.