ಪ್ರಬಂಧದ ಕಳಚಿದ ಕೊಂಡಿಗಳನ್ನು ಜೋಡಿಸಿಕೊಡುವ ದಾವಣಗೆರೆಯ ಒಂದು ಡಿಟಿಪಿ ಕೇಂದ್ರ

ಪಿಎಚ್.ಡಿ. ಪ್ರಬಂಧವನ್ನು ಟೈಪ್ ಮಾಡಿ, ಮುದ್ರಿಸಿ, ಬೈಂಡ್ ಮಾಡಿಕೊಡುವ ಅಂಗಡಿಗಳು ದಾವಣಗೆರೆಯಲ್ಲಿ ಬೇಕಾದಷ್ಟಿವೆ. ವರ್ಡ್ ಕಡತದಲ್ಲಿ ಕೆಟ್ಟುಹೋದ, ಚಿತ್ರ-ಕೋಷ್ಟಕಗಳ ಸಂಖ್ಯೆಯನ್ನು ತಾನಾಗಿ ತರುವ ಕ್ರಾಸ್ ರೆಫರೆನ್ಸ್‌ಗಳನ್ನು ಮೂಲದಿಂದ ಸರಿಪಡಿಸಬಲ್ಲವರು ಮಾತ್ರ ವಿರಳ. ವಿದ್ಯಾನಗರದ ಒಂದು ಸಣ್ಣ ಡಿಟಿಪಿ ಕೇಂದ್ರವು ನನ್ನ ತಂಗಿಯ ಪ್ರಬಂಧಕ್ಕೆ ಈ ಕೆಲಸ ಮಾಡಿಕೊಟ್ಟ ಬಗೆಯನ್ನು ಹತ್ತಿರದಿಂದ ನೋಡಿದ್ದೇನೆ. ತೋಳಹುಣಸೆಯ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧ ಸಲ್ಲಿಸಲು ಸಿದ್ಧರಾಗುತ್ತಿರುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಅವಳ ವಿಷಯ ಚಿತ್ರದುರ್ಗ ಜಿಲ್ಲೆಯ ಶಾಸನಗಳು. ಚಂದ್ರವಳ್ಳಿಯ ಮಯೂರಶರ್ಮನ ಶಾಸನ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳು, ಇವುಗಳ ಛಾಯಾಚಿತ್ರ, ನಕ್ಷೆ, ಕೋಷ್ಟಕಗಳೆಲ್ಲ ಸೇರಿ, ಪುಟಪುಟದಲ್ಲೂ ‘ಚಿತ್ರ 3.4ರಲ್ಲಿ ನೋಡಬಹುದು’, ‘ಕೋಷ್ಟಕ 2.1ಕ್ಕೆ ಹೋಲಿಸಿ’ ಎಂಬಂಥ ಉಲ್ಲೇಖಗಳಿವೆ. ಪ್ರಬಂಧ ಮೊದಲು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧವಾಗಿತ್ತು. ಬೇರೊಂದು ಟೈಪಿಂಗ್ ಕೇಂದ್ರದವರು ಒಂದೊಂದೇ ಅಧ್ಯಾಯದ ಪಠ್ಯವನ್ನು ಹೊರತೆಗೆದು, ಯೂನಿಕೋಡ್‌ಗೆ ಪರಿವರ್ತಿಸಿ, ಮತ್ತೆ ಅದೇ ಕಡತದಲ್ಲಿ ಅಂಟಿಸುತ್ತಾ ಬಂದಿದ್ದರು. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಕರಡು ಪ್ರತಿಯನ್ನು ಮುದ್ರಿಸಿದಾಗ ಮಾತ್ರ ಚಿತ್ರಸಂಖ್ಯೆ ಇರಬೇಕಾದ ಕಡೆ ‘ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್’ ಎಂಬ ಇಂಗ್ಲಿಷ್ ವಾಕ್ಯ ದಪ್ಪಕ್ಷರದಲ್ಲಿ ಬಂದಿತ್ತು. ಇನ್ನೂ ಪರಿವರ್ತನೆಯಾಗದ ಅಧ್ಯಾಯಗಳಲ್ಲಿ ಸ್ಥಿತಿ ಇನ್ನೂ ಕೆಟ್ಟದಾಗಿತ್ತು: ಹಳೆಯ ಅಕ್ಷರಶೈಲಿಯಲ್ಲಿ ಇಂಗ್ಲಿಷ್ ಅಕ್ಷರಗಳೆಲ್ಲ ಕನ್ನಡದ ಲಿಪಿರೂಪಗಳಾಗಿ ಕಾಣುವುದರಿಂದ, ಅದೇ ವಾಕ್ಯ ಅಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಅಚ್ಚಾಗಿತ್ತು. ಓದುವವರು ಅದನ್ನು ಟೈಪಿಂಗ್ ದೋಷವೆಂದು ಭಾವಿಸಿ ಮುಂದೆ ಹೋಗುವ ಸಾಧ್ಯತೆಯೇ ಹೆಚ್ಚು.

ಕೇಂದ್ರದ ಯಜಮಾನರು ಕಡತವನ್ನು ತೆರೆದು ಮೊದಲು ಆಲ್ಟ್ ಮತ್ತು ಎಫ್9 ಒತ್ತಿದರು. ಸಂಖ್ಯೆಗಳು ಮರೆಯಾಗಿ, ಸಂಖ್ಯೆಯನ್ನು ಎಲ್ಲಿಂದ ತರಬೇಕೆಂದು ಹೇಳುವ, ಅವುಗಳ ಹಿಂದಿರುವ ಫೀಲ್ಡ್ ಕೋಡ್‌ಗಳು ಕಾಣಿಸಿಕೊಂಡವು. ಚಿತ್ರದ ಶೀರ್ಷಿಕೆಗೆ ಕ್ರಾಸ್ ರೆಫರೆನ್ಸ್ ಕೊಟ್ಟಾಗ ವರ್ಡ್ ಆ ಶೀರ್ಷಿಕೆಯ ಸುತ್ತ ಕಣ್ಣಿಗೆ ಕಾಣದ ಗುರುತಾದ ಒಂದು ಬುಕ್‌ಮಾರ್ಕ್ ಹಾಕುತ್ತದೆ. ಅದರ ಹೆಸರು ಅಂಡರ್‌ಸ್ಕೋರ್, ‘ರೆಫ್’ ಮತ್ತು ಕೆಲವು ಅಂಕಿಗಳಿಂದ ಕೂಡಿರುತ್ತದೆ. ಉಲ್ಲೇಖದ ಫೀಲ್ಡ್ ಆ ಹೆಸರನ್ನು ಹುಡುಕಿಕೊಂಡು ಹೋಗಿ ಸಂಖ್ಯೆಯನ್ನು ತರುತ್ತದೆ. ಶೀರ್ಷಿಕೆಯನ್ನು ಹೊರತೆಗೆದು, ಬರಿಯ ಪಠ್ಯವಾಗಿ ಮರಳಿ ಅಂಟಿಸಿದರೆ ಬುಕ್‌ಮಾರ್ಕ್ ಅಳಿದುಹೋಗುತ್ತದೆ, ಆದರೆ ಬೇರೆ ಅಧ್ಯಾಯದಲ್ಲಿರುವ ಫೀಲ್ಡ್ ಹಾಗೆಯೇ ಉಳಿಯುತ್ತದೆ. ಫೀಲ್ಡ್ ತನ್ನ ಹಳೆಯ ಫಲಿತಾಂಶವನ್ನೇ ತೋರಿಸುತ್ತಿರುವುದರಿಂದ ನವೀಕರಿಸುವವರೆಗೆ ಯಾರಿಗೂ ಅನುಮಾನ ಬರುವುದಿಲ್ಲ. ಮುದ್ರಣಕ್ಕೆ ಮುನ್ನ ಫೀಲ್ಡ್‌ಗಳನ್ನು ನವೀಕರಿಸುವ ಆಯ್ಕೆ ಚಾಲ್ತಿಯಲ್ಲಿರುವ ಯಂತ್ರಕ್ಕೆ ಕಡತ ಹೋದಾಗ ದೋಷ ಹೊರಬೀಳುತ್ತದೆ.

“ನಂಬರ್‌ಗಳನ್ನು ಮೇಲೆ ಟೈಪ್ ಮಾಡಿ ಕೊಡಿ ಅಂದರೆ ಸಂಜೆಗೇ ಕೊಡ್ತೀನಿ ಮೇಡಂ, ಆದರೆ ಗೈಡ್ ಒಂದು ಫೋಟೋ ಸೇರಿಸಿ ಅಂದರೆ ಮತ್ತೆ ಎಲ್ಲ ಬದಲಾಯಿಸಬೇಕಾಗುತ್ತೆ” ಎಂದು ಅವರು ಮೊದಲೇ ಹೇಳಿದರು. ಈ ಒಂದು ಮಾತಿಗಾಗಿಯೇ ನಾನು ಅವರನ್ನು ಶಿಫಾರಸು ಮಾಡುತ್ತೇನೆ. ಕಂಟ್ರೋಲ್, ಶಿಫ್ಟ್ ಮತ್ತು ಎಫ್9 ಒತ್ತಿ ಫೀಲ್ಡ್‌ಗಳನ್ನೆಲ್ಲ ಬರಿಯ ಅಕ್ಷರಗಳಾಗಿ ಮಾರ್ಪಡಿಸಿ, ಸಂಖ್ಯೆಗಳನ್ನು ಕೈಯಿಂದ ತಿದ್ದಿ, ‘ಸರಿಯಾಯಿತು’ ಎಂದು ಹಣ ಪಡೆಯುವುದು ಈ ಕೆಲಸದಲ್ಲಿ ಬಹಳ ಸುಲಭ, ಮತ್ತು ಆ ಕ್ಷಣಕ್ಕೆ ಗ್ರಾಹಕರಿಗೆ ವ್ಯತ್ಯಾಸ ತಿಳಿಯುವುದೂ ಇಲ್ಲ.

ಅವರು ಪರಿವರ್ತನೆಗೆ ಮುಂಚಿನ, ನವೀಕರಿಸದ ಹಳೆಯ ಪ್ರತಿಯನ್ನು ಕೇಳಿ ಪಡೆದರು. ಅದರಲ್ಲಿ ಯಾವ ಬುಕ್‌ಮಾರ್ಕ್ ಯಾವ ಚಿತ್ರಕ್ಕೆ ಸೇರಿದ್ದೆಂದು ಗುರುತಿಸಿ ಪಟ್ಟಿ ಮಾಡಿಕೊಂಡರು. ಹೊಸ ಕಡತದಲ್ಲಿ ‘ಚಿತ್ರ’, ‘ಕೋಷ್ಟಕ’ ಎಂಬ ಲೇಬಲ್‌ಗಳನ್ನು ಸೃಷ್ಟಿಸಿ ಶೀರ್ಷಿಕೆಗಳಿಗೆ ಸ್ವಯಂಚಾಲಿತ ಸಂಖ್ಯೆ ಕೊಟ್ಟರು. ಪ್ರತಿ ಚಿತ್ರಕ್ಕೆ ಒಂದು ಹೊಸ ಉಲ್ಲೇಖ ಸೇರಿಸಿ, ಕೋಡ್‌ಗಳು ಕಾಣುವ ಸ್ಥಿತಿಯಲ್ಲಿಯೇ ಫೈಂಡ್ ಅಂಡ್ ರಿಪ್ಲೇಸ್ ಮೂಲಕ ಹಳೆಯ ಬುಕ್‌ಮಾರ್ಕಿನ ಹೆಸರನ್ನು ಹೊಸದಕ್ಕೆ ಬದಲಾಯಿಸಿದರು. ಒಂದೇ ಚಿತ್ರವನ್ನು ಹಲವು ಕಡೆ ಉಲ್ಲೇಖಿಸಿದ್ದರೂ ಹೀಗೆ ಎಲ್ಲವೂ ಒಮ್ಮೆಗೇ ಕೂಡಿಕೊಳ್ಳುತ್ತವೆ.

ಕನ್ನಡದಂಥ ಭಾಷೆಗಳಲ್ಲಿ ಬರುವ ಇನ್ನೊಂದು ತೊಡಕನ್ನು ಅವರು ತಾವಾಗಿಯೇ ಹುಡುಕಿ ತೋರಿಸಿದರು. ನಮ್ಮಲ್ಲಿ ವಿಭಕ್ತಿ ಪ್ರತ್ಯಯವು ಸಂಖ್ಯೆಗೆ ಅಂಟಿಕೊಂಡೇ ಬರುತ್ತದೆ. ‘3.4ರಲ್ಲಿ’ ಎಂಬಲ್ಲಿನ ‘ರಲ್ಲಿ’ ಫೀಲ್ಡಿನ ಹೊರಗಿದ್ದರೆ ತೊಂದರೆಯಿಲ್ಲ. ಟೈಪ್ ಮಾಡುವಾಗ ಕರ್ಸರ್ ಫೀಲ್ಡಿನ ಒಳಗೇ ಇದ್ದರೆ, ಮುಂದಿನ ನವೀಕರಣದಲ್ಲಿ ಆ ಪ್ರತ್ಯಯ ಅಳಿಸಿಹೋಗಿ ವಾಕ್ಯ ‘ಚಿತ್ರ 3.4 ನೋಡಬಹುದು’ ಎಂದು ಮುರಿದುಕೊಳ್ಳುತ್ತದೆ. ದೋಷಸೂಚನೆಯೂ ಬಾರದ ಕಾರಣ ಇದು ಹೆಚ್ಚು ಅಪಾಯಕಾರಿ. ಅಂಥ ಪ್ರತ್ಯಯಗಳನ್ನೆಲ್ಲ ಅವರು ಫೀಲ್ಡಿನಿಂದ ಹೊರಗೆ ಸರಿಸಿದರು.

ಕೊನೆಗೆ ನಮ್ಮೆದುರಿಗೇ ಇಡೀ ಕಡತವನ್ನು ಆಯ್ಕೆ ಮಾಡಿ, ಎಫ್9 ಒತ್ತಿ ಫೀಲ್ಡ್‌ಗಳನ್ನು ನವೀಕರಿಸಿದರು, ಅಡಿಟಿಪ್ಪಣಿಗಳೊಳಗೆ ಹೋಗಿ ಅಲ್ಲಿಯೂ ಪ್ರತ್ಯೇಕವಾಗಿ ನವೀಕರಿಸಿದರು, ‘ಎರರ್’ ಎಂಬ ಪದವನ್ನು ಹುಡುಕಿ ಒಂದೂ ಉಳಿದಿಲ್ಲವೆಂದು ತೋರಿಸಿದರು. ಬಳಿಕ ತಂಗಿಯ ಕೈಯಲ್ಲಿ ಒಂದು ಹೊಸ ಚಿತ್ರವನ್ನು ಸೇರಿಸಿ ಮತ್ತೆ ನವೀಕರಿಸಲು ಹೇಳಿ, ಮುಂದಿನ ಸಂಖ್ಯೆಗಳೂ ಉಲ್ಲೇಖಗಳೂ ಒಟ್ಟಿಗೆ ಬದಲಾಗುವುದನ್ನು ಅವಳೇ ನೋಡುವಂತೆ ಮಾಡಿದರು.

ಐದು ಅಧ್ಯಾಯಗಳಿಗೆ 1,500 ರೂಪಾಯಿ ತೆಗೆದುಕೊಂಡರು. ಶ್ರಮವನ್ನು ನೋಡಿದರೆ ಇದು ನ್ಯಾಯವಾದ ದರ. ಅಸಮಾಧಾನಗಳೂ ಇವೆ. ತಾವು ಬದಲಾಯಿಸಿದ ಉಲ್ಲೇಖಗಳ ಪಟ್ಟಿಯನ್ನು ಅವರು ಕೊಡಲಿಲ್ಲ. ಸಂಶೋಧಕರಿಗೆ ಅದು ಬೇಕು. ವರ್ಡ್ ಬದಲಿಗೆ ಬಳಸುವ ಲಿಬ್ರೆ ಆಫೀಸ್‌ನಲ್ಲಿ ಸಿದ್ಧಪಡಿಸಿದ ಕಡತಗಳನ್ನು ಅವರು ತೆಗೆದುಕೊಳ್ಳುವುದಿಲ್ಲ. ಕೆಲಸವನ್ನೆಲ್ಲ ಒಬ್ಬರೇ ಮಾಡುವುದರಿಂದ ಸಲ್ಲಿಕೆಯ ಕೊನೆಯ ವಾರದಲ್ಲಿ ಹೋದವರಿಗೆ ಸಮಯ ಸಿಗುವುದು ಕಷ್ಟ. ಹೋಗುವವರು ಪರಿವರ್ತನೆಗೆ ಮುಂಚಿನ ಪ್ರತಿಯನ್ನು ತಪ್ಪದೆ ಪೆನ್‌ಡ್ರೈವ್‌ನಲ್ಲಿ ಒಯ್ಯಬೇಕು, ಅದನ್ನು ಮನೆಯಲ್ಲಿ ತೆರೆದು ಎಫ್9 ಒತ್ತಿ ನೋಡಬಾರದು.