ಹಗುರ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ: 4 ಜಿಬಿ ರ್ಯಾಮ್, 64 ಜಿಬಿ ಇಎಂಎಂಸಿ ಎಂದಿದ್ದರೆ ಮುಟ್ಟಬೇಡಿ

ಪ್ರಯಾಣಕ್ಕೆಂದು ಸಣ್ಣ ಲ್ಯಾಪ್‌ಟಾಪ್ ಹುಡುಕುತ್ತಿದ್ದರೆ, ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ. 11.6 ಇಂಚಿನ ಪರದೆ, ಒಂದು ಕಿಲೋ ಚಿಲ್ಲರೆ ತೂಕ, ‘ದಿನವಿಡೀ ಬ್ಯಾಟರಿ’, ವಿಂಡೋಸ್ 11 ಹಾಕಿಯೇ ಕೊಡುತ್ತೇವೆ ಎನ್ನುವ ಜಾಹೀರಾತುಗಳು ಎಲ್ಲೆಡೆ ಕಣ್ಣಿಗೆ ಬೀಳುತ್ತವೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 4 ಜಿಬಿ ರ್ಯಾಮ್, 64 ಜಿಬಿ ಇಎಂಎಂಸಿ (ಒಂದು ಬಗೆಯ ಅಗ್ಗದ ಸ್ಟೋರೇಜ್ ಚಿಪ್) ಎಂದಿದ್ದರೆ ಆ ಪುಟವನ್ನು ಅಲ್ಲಿಗೇ ಮುಚ್ಚಿಬಿಡಿ. ಅಂಥದ್ದೊಂದನ್ನು ಕೊಂಡು, ಕೆಲಸದ ಮೇಲೆ ಊರೂರು ತಿರುಗುವಾಗ ಜೊತೆಗಿಟ್ಟುಕೊಂಡು ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ. ಕಂಪನಿಯ ಹೆಸರು ಹೇಳುತ್ತಿಲ್ಲ. ಹೇಳಿದರೂ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಇದೇ ಒಳಭಾಗಗಳನ್ನು ಹಲವು ಹೆಸರುಗಳಲ್ಲಿ ಮಾರುತ್ತಾರೆ. ನೋಡಬೇಕಾದದ್ದು ಹೆಸರನ್ನಲ್ಲ, ಆ ಎರಡು ಅಂಕಿಗಳನ್ನು.

ಮೊದಲ ಕೆಲವು ವಾರ ಏನೂ ತೊಂದರೆ ಇರಲಿಲ್ಲ. ಬ್ಯಾಗಿನಲ್ಲಿದೆಯೋ ಇಲ್ಲವೋ ಎಂದು ತಡವಿ ನೋಡಬೇಕಾದಷ್ಟು ಹಗುರ. ಮೇಲ್, ಟೈಪಿಂಗ್, ಬ್ರೌಸರಿನಲ್ಲಿ ಒಂದೆರಡು ಟ್ಯಾಬ್, ಅಷ್ಟಕ್ಕೆ ಓಡುತ್ತಿತ್ತು. ಕಾಟ ಶುರುವಾದದ್ದು ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದಾಗ. ಆಗ ನಾನಿದ್ದದ್ದು ಲಾಡ್ಜಿನ ರೂಮಿನಲ್ಲಿ. ಬೆಳಗಾದರೆ ಒಂದು ವರದಿ ಒಪ್ಪಿಸಬೇಕಿತ್ತು. ರಾತ್ರಿ ಊಟ ಮುಗಿಸಿ ಕೂತರೆ ಟೈಪ್ ಮಾಡಿದ ಅಕ್ಷರ ಪರದೆಯ ಮೇಲೆ ಮೂಡುವುದೇ ತಡವಾಗುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ: ಡಿಸ್ಕ್ ನೂರಕ್ಕೆ ನೂರು, ಮೆಮೊರಿ ತೊಂಬತ್ತರ ಮೇಲೆ. ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಫೈಲ್ ಸೇವ್ ಮಾಡಲು ಹೋದರೆ ಡಿಸ್ಕಿನಲ್ಲಿ ಜಾಗ ಇಲ್ಲ ಎಂಬ ಸಂದೇಶ. ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡಿದೆ, ಫೋಟೋಗಳನ್ನು ಅಳಿಸಿದೆ, ವಾರದ ಹಿಂದಷ್ಟೇ ಹಾಕಿದ್ದ ಒಂದು ತಂತ್ರಾಂಶವನ್ನೂ ತೆಗೆದೆ. ಸಿಕ್ಕ ಜಾಗವನ್ನೆಲ್ಲ ಅಪ್‌ಡೇಟೇ ನುಂಗಿತು. ಕೊನೆಗೆ ‘ಹೊರಗಿನ ಡ್ರೈವ್ ಸಿಕ್ಕಿಸಿ’ ಎಂದು ವಿಂಡೋಸ್ ತಾನೇ ಕೇಳಿತು. ಪೆನ್‌ಡ್ರೈವ್ ಹಾಕಿದೆ. ಯಂತ್ರ ರೀಸ್ಟಾರ್ಟ್ ಆಯಿತು, ಶೇಕಡಾವಾರು ನಿಧಾನಕ್ಕೆ ಏರಿತು, ಒಂದು ಕಡೆ ನಿಂತೇಬಿಟ್ಟಿತು. ಆಮೇಲೆ ಅಪ್‌ಡೇಟ್ ಆಗಲಿಲ್ಲ, ಮಾಡಿದ್ದನ್ನೆಲ್ಲ ಹಿಂದಕ್ಕೆ ತೆಗೆಯುತ್ತಿದ್ದೇವೆ ಎಂಬ ಸಾಲು. ಅಷ್ಟು ಹೊತ್ತೂ ಲ್ಯಾಪ್‌ಟಾಪ್ ಇದ್ದೂ ಇಲ್ಲದ ಹಾಗೆ. ಆ ವರದಿಯ ಉಳಿದ ಭಾಗವನ್ನು ಫೋನಿನಲ್ಲಿ ಹೆಬ್ಬೆರಳಿನಿಂದ ಟೈಪ್ ಮಾಡಿ ಕಳಿಸಿದೆ.

ಇದು ನನ್ನ ಯಂತ್ರದ ಹಣೆಬರಹ ಎಂದು ಬಿಟ್ಟುಬಿಡುವಂತಿಲ್ಲ. ಇಂಥ ಎಲ್ಲ ಯಂತ್ರಗಳಿಗೂ ಹೀಗಾಗಲು ಕಾರಣವಿದೆ. 64 ಜಿಬಿ ಎಂದು ಮಾರಿದ್ದು ವಿಂಡೋಸಿನ ಲೆಕ್ಕದಲ್ಲಿ 59ರ ಆಸುಪಾಸು ಮಾತ್ರ. ಅದರಲ್ಲಿ ವಿಂಡೋಸ್ ತಾನೇ 20 ಜಿಬಿಗೂ ಮೇಲೆ ಹಿಡಿಯುತ್ತದೆ. ವಿಂಡೋಸ್ ಕೆಟ್ಟರೆ ಸರಿಪಡಿಸಲೆಂದು ಇಡುವ ರಿಕವರಿಗೆ ಒಂದಿಷ್ಟು, ಕಂಪನಿ ತುರುಕಿದ ತಂತ್ರಾಂಶಗಳಿಗೆ ಒಂದಿಷ್ಟು ಹೋಗುತ್ತದೆ. ಆಫೀಸ್, ಬ್ರೌಸರು, ಅದು ಕೂಡಿಟ್ಟುಕೊಳ್ಳುವ ತಾತ್ಕಾಲಿಕ ಫೈಲುಗಳು (ಕ್ಯಾಶೆ) ಸೇರಿದರೆ ಮಿಕ್ಕದ್ದು ಅಪ್‌ಡೇಟ್ ಉಸಿರಾಡಲೂ ಸಾಲದು. ವಿಂಡೋಸ್ 11ಕ್ಕೆ ಬೇಕಾದ ಕನಿಷ್ಠ ಅರ್ಹತೆ ಎಂದು ಮೈಕ್ರೋಸಾಫ್ಟ್ ಹೇಳಿರುವುದು 4 ಜಿಬಿ ರ್ಯಾಮ್ ಮತ್ತು 64 ಜಿಬಿ ಸ್ಟೋರೇಜ್. ಮಾರುವವರು ಆ ಗೆರೆಯ ಮೇಲೆಯೇ ಯಂತ್ರವನ್ನು ನಿಲ್ಲಿಸಿ, ‘ವಿಂಡೋಸ್ 11ಕ್ಕೆ ಸಿದ್ಧ’ ಎಂದು ಚೀಟಿ ಅಂಟಿಸುತ್ತಾರೆ. ಕನಿಷ್ಠ ಎಂದರೆ ಆನ್ ಆಗುತ್ತದೆ ಎಂದಷ್ಟೇ ಅರ್ಥ.

ಇನ್ನು ಇಎಂಎಂಸಿ. ಹೆಚ್ಚಿನವರು ಇದನ್ನೂ ವೇಗದ ಸ್ಟೋರೇಜ್ ಆದ ಎಸ್‌ಎಸ್‌ಡಿಯನ್ನೂ ಒಂದೇ ಅಂದುಕೊಳ್ಳುತ್ತಾರೆ, ಕೆಲವು ಮಾರಾಟದ ಪುಟಗಳಲ್ಲಿ ‘ಫ್ಲ್ಯಾಶ್ ಸ್ಟೋರೇಜ್’ ಎಂದು ಬರೆದು ಆ ಗೊಂದಲವನ್ನು ಹಾಗೇ ಬಿಡುತ್ತಾರೆ. ಎರಡರಲ್ಲೂ ಫ್ಲ್ಯಾಶ್ ಮೆಮೊರಿಯೇ ಇದೆ, ನಿಜ. ಆದರೆ ಇಎಂಎಂಸಿ ಎಂಬುದು ಅಗ್ಗದ ಫೋನುಗಳಲ್ಲಿ ಬಳಸುವ, ಬೋರ್ಡಿಗೆ ಬೆಸುಗೆ ಹಾಕಿದ ಒಂದು ಚಿಪ್. ಒಂದೇ ಗಾಡಿ ಹಿಡಿಯುವ ಸೇತುವೆಯ ಹಾಗೆ, ಓದುವಾಗ ಬರೆಯುವಂತಿಲ್ಲ, ಬರೆಯುವಾಗ ಓದುವಂತಿಲ್ಲ. ಇಎಂಎಂಸಿ 5.1ರ ಗರಿಷ್ಠ ವೇಗ ಕಾಗದದ ಮೇಲೆ ಸೆಕೆಂಡಿಗೆ 400 ಎಂಬಿ. ವೇಗದ ಬಗೆಯಾದ ಎನ್‌ವಿಎಂಇ ಎಸ್‌ಎಸ್‌ಡಿ, ಸಾಧಾರಣದ್ದು ಕೂಡ, 2,000 ಎಂಬಿ ದಾಟುತ್ತದೆ. ಇಷ್ಟಾದರೂ ತಡೆದುಕೊಳ್ಳಬಹುದಿತ್ತೇನೋ. ರ್ಯಾಮ್ 4 ಜಿಬಿ ಇದ್ದಾಗ ಕಷ್ಟ ಇಮ್ಮಡಿಯಾಗುತ್ತದೆ. ರ್ಯಾಮ್ ತುಂಬಿದಾಗ ವಿಂಡೋಸ್ ಅದರಲ್ಲಿರುವುದನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಒಂದು ವಿಡಿಯೋ ಕರೆ ಮತ್ತು ನಾಲ್ಕು ಟ್ಯಾಬ್ ಸಾಕು, ಈ ಓಡಾಟ ಶುರು. ರ್ಯಾಮಿನ ಕೊರತೆ ಹೋಗಿ ಬೀಳುವುದು ನಿಧಾನವಾದ ಚಿಪ್ಪಿನ ಮೇಲೆ, ಆ ಚಿಪ್ಪು ಆಗಲೇ ಅಪ್‌ಡೇಟ್ ಬರೆಯುವುದರಲ್ಲಿ ಮುಳುಗಿರುತ್ತದೆ. ಅಕ್ಷರ ಮೂಡಲು ತಡವಾಗುವುದು ಇದಕ್ಕೇ. ಪ್ರೊಸೆಸರನ್ನು ಬೈದು ಸುಖವಿಲ್ಲ. ನನ್ನದರಲ್ಲಿದ್ದದ್ದು ಎರಡೇ ಕೋರಿನ ಸೆಲೆರಾನ್ ಎನ್4020, ಅದೂ ದುರ್ಬಲವೇ. ಆದರೆ ನಾಲ್ಕು ಕೋರಿನ ಎನ್100 ಹಾಕಿಸಿಕೊಂಡರೂ ಜೊತೆಗೆ ಇದೇ ರ್ಯಾಮ್, ಇದೇ ಸ್ಟೋರೇಜ್ ಇದ್ದರೆ ಕಟ್ಟಿಹಾಕುವುದು ಇವೇ.

ರ್ಯಾಮ್ ಹೆಚ್ಚಿಸೋಣ, ಎಸ್‌ಎಸ್‌ಡಿ ಹಾಕಿಸೋಣ ಎಂದು ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿನ ಹುಡುಗ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ, ಒಳಗಡೆ ನನಗೇ ತೋರಿಸಿದ. ಅಂಗೈಯಗಲದ ಒಂದು ಹಸಿರು ಬೋರ್ಡ್, ಉಳಿದದ್ದೆಲ್ಲ ಬ್ಯಾಟರಿ ಮತ್ತು ಖಾಲಿ ಪ್ಲಾಸ್ಟಿಕ್. “ನೋಡಿ ಸರ್, ಇಲ್ಲಿ ಸ್ಲಾಟೇ ಇಲ್ಲ. ರ್ಯಾಮೂ ಬೋರ್ಡಲ್ಲೇ, ಸ್ಟೋರೇಜೂ ಬೋರ್ಡಲ್ಲೇ. ಬದಲಾಯಿಸೋದಾದ್ರೆ ಇಡೀ ಬೋರ್ಡೇ ಬದಲಾಯಿಸ್ಬೇಕು, ಅದರಲ್ಲೂ ಇಷ್ಟೇ ಇರುತ್ತೆ” ಅಂದ. ಆಮೇಲೆ ತಿರುಪು ಬಿಗಿದು ಕೊಟ್ಟ, ದುಡ್ಡು ತಗೊಳ್ಳಲಿಲ್ಲ. ಹಗುರ ಲ್ಯಾಪ್‌ಟಾಪ್‌ಗಳಲ್ಲಿ ರ್ಯಾಮ್ ಬೆಸುಗೆ ಹಾಕಿರುವುದು ದುಬಾರಿ ಮಾಡೆಲ್ಲುಗಳಲ್ಲೂ ಮಾಮೂಲು. ಅದಕ್ಕೇ ಆಮೇಲೆ ಹೆಚ್ಚಿಸಿಕೊಳ್ಳುತ್ತೇನೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೊಳ್ಳುವ ದಿನ ಎಷ್ಟಿದೆಯೋ ಕೊನೆಯ ದಿನದವರೆಗೂ ಅಷ್ಟೇ.

ಜಾಹೀರಾತಿನ ಇನ್ನೊಂದು ಚಾಲಾಕಿತನದ ಬಗ್ಗೆಯೂ ಹೇಳಲೇಬೇಕು. ‘1 ಟಿಬಿ ಸ್ಟೋರೇಜ್’ ಎಂದು ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ಅದು ಒಂದು ವರ್ಷದ ಕ್ಲೌಡ್ ಜಾಗ ಎಂದು ಬರೆದಿರುತ್ತಾರೆ. ಇಲ್ಲವೇ 64 ಜಿಬಿ ಚಿಪ್ಪಿನ ಜೊತೆ ಒಂದು ಮೆಮೊರಿ ಕಾರ್ಡ್ ಸಿಕ್ಕಿಸಿ, ಎರಡನ್ನೂ ಕೂಡಿಸಿ 128 ಅಥವಾ 192 ಎನ್ನುತ್ತಾರೆ. ಕಾರ್ಡಿನಲ್ಲಿ ಫೋಟೋ, ಸಿನಿಮಾ ಇಡಬಹುದು, ವಿಂಡೋಸಿನ ಹೊರೆ ಇಳಿಯುವುದಿಲ್ಲ. ರೈಲಿನಲ್ಲಿ, ಸಿಗ್ನಲ್ ಇಲ್ಲದ ಕಡೆ ಕ್ಲೌಡಿಗೆ ಕೈ ಎಟುಕುವುದೂ ಇಲ್ಲ. ಪ್ರಯಾಣದವರಿಗೆ ಇದನ್ನು ಸ್ಟೋರೇಜ್ ಎಂದು ಮಾರುವುದು ನನ್ನ ಪ್ರಕಾರ ಮೋಸವೇ.

ತೂಕದ ವಿಷಯಕ್ಕೆ ಬರೋಣ, ಏಕೆಂದರೆ ಇದನ್ನು ಕೊಂಡದ್ದೇ ತೂಕಕ್ಕಾಗಿ. ಪುಟದಲ್ಲಿ ಬರೆದ ತೂಕ ಯಂತ್ರದ್ದು ಮಾತ್ರ, ಚಾರ್ಜರಿನದ್ದು ಅದರಲ್ಲಿ ಸೇರಿರುವುದಿಲ್ಲ. ನನ್ನದಕ್ಕೆ ಇದ್ದದ್ದು ದುಂಡು ಪಿನ್ನಿನ ಹಳೇ ಥರದ ಚಾರ್ಜರ್. ಪಕ್ಕದಲ್ಲಿ ಯುಎಸ್‌ಬಿ-ಸಿ ಕಿಂಡಿ ಇತ್ತು, ಫೋನಿನ ಚಾರ್ಜರಿನಿಂದಲೇ ಕೆಲಸ ಆಗುತ್ತದೆ ಎಂದು ಯಾರಿಗಾದರೂ ಅನ್ನಿಸುವ ಹಾಗೆ. ಆ ಕಿಂಡಿಯಲ್ಲಿ ಡೇಟಾ ಹೋಗುತ್ತದೆ, ಕರೆಂಟ್ ಒಳಗೆ ಬರುವುದಿಲ್ಲ. ಒಮ್ಮೆ ದಾರಿಯಲ್ಲಿ ಪಿನ್ನಿನ ಬುಡದಲ್ಲಿ ವೈರು ಕಿತ್ತುಬಂತು. ಅಂಗಡಿಯಿಂದ ಅಂಗಡಿಗೆ ಅಲೆದರೂ ಆ ಅಳತೆಯ ಪಿನ್ ಸಿಗಲಿಲ್ಲ. ಬ್ಯಾಗಿನಲ್ಲಿ ಒಳ್ಳೆಯ ಫೋನ್ ಚಾರ್ಜರ್ ಇದ್ದೂ ಆ ಪ್ರಯಾಣ ಮುಗಿಯುವವರೆಗೆ ಲ್ಯಾಪ್‌ಟಾಪ್ ಸುಮ್ಮನೆ ಹೊರುವ ಹೊರೆಯಾಯಿತು.

ಹಾಗಾಗಿ ಯುಎಸ್‌ಬಿ-ಸಿ ಇದೆ ಎಂದು ನೋಡಿ ತೃಪ್ತಿಪಡಬೇಡಿ. ವಿವರಪಟ್ಟಿಯಲ್ಲಿ ‘ಪವರ್ ಡೆಲಿವರಿ’ (ಆ ಕಿಂಡಿಯಿಂದಲೇ ಚಾರ್ಜ್ ಆಗುವ ವ್ಯವಸ್ಥೆ) ಎಂಬ ಮಾತು ಇರಬೇಕು, ಇಲ್ಲವಾದರೆ ಅಂಗಡಿಯಲ್ಲೇ ಕೇಬಲ್ ಸಿಕ್ಕಿಸಿ ಚಾರ್ಜ್ ಆಗುತ್ತದೆಯೇ ನೋಡಬೇಕು. ಈ ಗಾತ್ರದ ಯಂತ್ರಗಳಿಗೆ 45ರಿಂದ 65 ವಾಟಿನ ಒಂದು ಚಾರ್ಜರ್ ಸಾಕು, ಅದರಲ್ಲೇ ಫೋನೂ ಆಗುತ್ತದೆ. ಕೇಬಲ್ಲಿನ ಕಡೆಗೂ ಗಮನವಿರಲಿ: ಸಾಧಾರಣ ಸಿ-ಯಿಂದ-ಸಿ ಕೇಬಲ್ 60 ವಾಟಿಗೆ ನಿಲ್ಲುತ್ತದೆ, ಅದಕ್ಕಿಂತ ಮೇಲಕ್ಕೆ 5 ಆಂಪಿಯರಿನ ಕೇಬಲ್ ಬೇಕು. ಕಿಂಡಿಗಳು ಎರಡಾದರೂ ಇರಲಿ. ಒಂದೇ ಇದ್ದರೆ ಚಾರ್ಜ್ ಮಾಡುತ್ತ ಪೆನ್‌ಡ್ರೈವ್ ಹಾಕಲು ಒಂದು ಕಿಂಡಿಯನ್ನು ಹಲವಾಗಿಸುವ ಹಬ್ ಬೇಕಾಗುತ್ತದೆ, ಮತ್ತೆ ತೂಕ.

ಬ್ಯಾಟರಿಯ ‘ಇಷ್ಟು ಗಂಟೆ’ ಎಂಬ ಮಾತನ್ನು ನಂಬಬೇಡಿ, ವಾಟ್-ಅವರ್ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ಎಷ್ಟು ಎಂದು ಹುಡುಕಿ. 38 ವಾಟ್-ಅವರ್ ಬ್ಯಾಟರಿ ಇದ್ದು ಯಂತ್ರ 5 ವಾಟ್ ಎಳೆದರೆ ಏಳೂವರೆ ಗಂಟೆ, ವಿಡಿಯೋ ಕರೆಯಲ್ಲಿ 10 ವಾಟ್ ಎಳೆದರೆ ನಾಲ್ಕು ಗಂಟೆಯೂ ಇಲ್ಲ. ಜಾಹೀರಾತಿನ ಗಂಟೆಗಳು ಹೆಚ್ಚಾಗಿ ಬೆಳಕು ತಗ್ಗಿಸಿ, ಡಿಸ್ಕಿನಲ್ಲಿರುವ ವಿಡಿಯೋ ಓಡಿಸಿ ಪಡೆದವು. ವಿಮಾನದಲ್ಲಿ ಒಯ್ಯುವವರಿಗೆ ಸಮಾಧಾನದ ವಿಷಯವೆಂದರೆ, 100 ವಾಟ್-ಅವರ್‌ವರೆಗಿನ ಬ್ಯಾಟರಿಗೆ ಸಾಮಾನ್ಯವಾಗಿ ವಿಮಾನ ಕಂಪನಿಯ ಅನುಮತಿ ಬೇಕಿಲ್ಲ, ಸಣ್ಣ ಲ್ಯಾಪ್‌ಟಾಪ್‌ಗಳದ್ದು ಇದಕ್ಕಿಂತ ಎಷ್ಟೋ ಕಮ್ಮಿ. ಪವರ್‌ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ.

ಮುಚ್ಚಳ ಮುಚ್ಚಿದರೆ ಯಂತ್ರ ಮಲಗಿತು ಎಂದುಕೊಳ್ಳುತ್ತೇವೆ. ಈಗಿನ ಬಹಳಷ್ಟು ವಿಂಡೋಸ್ ಲ್ಯಾಪ್‌ಟಾಪ್‌ಗಳು ಫೋನಿನಂತೆ ಅರೆನಿದ್ದೆಯಲ್ಲಿರುತ್ತವೆ, ನಡುವೆ ಎದ್ದು ಮೇಲ್ ನೋಡುತ್ತವೆ, ಅಪ್‌ಡೇಟ್ ಹುಡುಕುತ್ತವೆ. ಬ್ಯಾಗಿನಿಂದ ತೆಗೆದಾಗ ನನ್ನದರ ತಳ ಕೈ ಸುಡುವಷ್ಟು ಬಿಸಿ, ಚಾರ್ಜ್ ಅರ್ಧಕ್ಕಿಳಿದಿತ್ತು. ಇದು ಒಳ್ಳೆಯ ಲ್ಯಾಪ್‌ಟಾಪ್‌ಗಳಲ್ಲೂ ಆಗುವ ಕಾಟ. ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ ಆಗುವಂತೆ (ತೆರೆದ ಕೆಲಸವನ್ನು ಡಿಸ್ಕಿಗೆ ಉಳಿಸಿ ಯಂತ್ರ ಆಫ್ ಆಗುವಂತೆ) ಮಾಡಿಟ್ಟುಕೊಳ್ಳಿ, ಇಲ್ಲವೇ ಹೊರಡುವ ಮುಂಚೆ ಪೂರ್ತಿ ಆಫ್ ಮಾಡಿ.

ಪರದೆ ಟಿಎನ್ ಎಂಬ ಅಗ್ಗದ ಬಗೆಯದಾಗಿದ್ದರೆ, ಸ್ಪಷ್ಟತೆ (ರೆಸಲ್ಯೂಷನ್) 1366×768 ಎಂದಿದ್ದರೆ, ಬೇಡ. ಕಿಟಕಿ ಪಕ್ಕ ಕೂತರೆ ಮುಖ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಪಕ್ಕದಿಂದ ನೋಡಿದರೂ ಚೆನ್ನಾಗಿ ಕಾಣುವ ಐಪಿಎಸ್ ಪರದೆ, 300 ನಿಟ್ (ಪರದೆಯ ಬೆಳಕಿನ ಅಳತೆ) ಬೆಳಕು ಕನಿಷ್ಠ. ಕೀಬೋರ್ಡಿನಲ್ಲಿ ಬಲಗಡೆಯ ಶಿಫ್ಟ್ ಮತ್ತು ಬಾಣದ ಕೀಲಿಗಳನ್ನು ನೋಡಿ, ಜಾಗ ಉಳಿಸಲು ಮೊದಲು ಕುಗ್ಗಿಸುವುದು ಅವನ್ನೇ.

ಹಾಗಾದರೆ ಯಾವುದನ್ನು ಕೊಳ್ಳಬೇಕು? 8 ಜಿಬಿ ರ್ಯಾಮಿಗಿಂತ ಕೆಳಗೆ ಇಳಿಯಬೇಡಿ, 16 ಆದರೆ ನಿಶ್ಚಿಂತೆ. 256 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಇರಲಿ. 13 ಅಥವಾ 14 ಇಂಚಿನಲ್ಲಿ 1.3 ಕಿಲೋ ಒಳಗೆ ಎಷ್ಟೋ ಸಿಗುತ್ತವೆ. 11.6 ಇಂಚಿಗೆ ಇಳಿದು ಉಳಿಸುವ ಚೂರು ತೂಕಕ್ಕೆ ಇಷ್ಟೆಲ್ಲ ಕಳೆದುಕೊಳ್ಳುವುದು ಲಾಭದ ಮಾತಲ್ಲ. ಹೊಸದಕ್ಕೆ ಕೈ ಸಾಲದಿದ್ದರೆ, ಆಫೀಸುಗಳು ಬಳಸಿ ಬಿಟ್ಟ, ರಿಫರ್ಬಿಷ್ ಮಾಡಿದ (ಸರಿಪಡಿಸಿ ಮತ್ತೆ ಮಾರುವ) ಬಿಸಿನೆಸ್ ಲ್ಯಾಪ್‌ಟಾಪ್ ಇಂಥ ಹೊಸ ಡಬ್ಬಿಗಿಂತ ಎಷ್ಟೋ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ರೊಸೆಸರ್ ಇಂಟೆಲ್ ಆದರೆ 8ನೇ ಪೀಳಿಗೆ ಅಥವಾ ಅದಕ್ಕಿಂತ ಈಚಿನದಾಗಿರಲಿ. ವಿಂಡೋಸ್ 11ಕ್ಕೆ ಹೆಚ್ಚೂಕಡಿಮೆ ಅದೇ ಗಡಿ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಟರಿ ಹೊಸದರಲ್ಲಿ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂದು ಕೇಳಿ. ಆ್ಯಪಲ್‌ನ 2020ರ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಕೂಡ 1.29 ಕಿಲೋ, ಫ್ಯಾನ್ ಇಲ್ಲ, ಎರಡೂ ಕಿಂಡಿಯಲ್ಲಿ ಚಾರ್ಜ್ ಆಗುತ್ತದೆ.

ಸಣ್ಣ ಯಂತ್ರವೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 2007ರಲ್ಲಿ ಬಂದ ಆಸುಸ್ ಕಂಪನಿಯ ‘ಈ ಪಿಸಿ’ (Eee PC) ಎಂಬ ಪುಟ್ಟ ಲ್ಯಾಪ್‌ಟಾಪಿನಲ್ಲಿ 7 ಇಂಚಿನ ಪರದೆ, 512 ಎಂಬಿ ರ್ಯಾಮ್, 4 ಜಿಬಿ ಸ್ಟೋರೇಜ್ ಇತ್ತು. ವಿಂಡೋಸಿನ ಬದಲು ಅದಕ್ಕೆ ತಕ್ಕ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಟ್ಟಿದ್ದರು, ಜನ ಇಷ್ಟಪಟ್ಟು ಬಳಸಿದರು. ಇವತ್ತಿಗೂ 4 ಜಿಬಿ, 64 ಜಿಬಿಯ ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಓಡುವ ಲ್ಯಾಪ್‌ಟಾಪ್) ಬ್ರೌಸರಿನ ಕೆಲಸಕ್ಕೆ ಸಾಕಾದೀತು, ಅಪ್‌ಡೇಟ್ ಯಾವ ದಿನಾಂಕಕ್ಕೆ ನಿಲ್ಲುತ್ತದೆ ಎಂಬುದನ್ನು ನೋಡಿ ಕೊಂಡರೆ. ಆಗಲೇ ಇಂಥ ವಿಂಡೋಸ್ ಯಂತ್ರ ಮನೆಯಲ್ಲಿದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಹಾಕಿ ನೋಡಿ. ನನ್ನದಕ್ಕೆ ಹಾಕಿದ ಮೇಲೆ ಟೈಪಿಂಗಿಗೆ, ಮೇಲಿಗೆ ತಡವರಿಸುತ್ತಿಲ್ಲ. ಕೆಲಸದ ಪ್ರಯಾಣಕ್ಕೆ ಮಾತ್ರ ಒಯ್ಯುವುದಿಲ್ಲ.

ಯಾವುದನ್ನೇ ಕೊಂಡರೂ ವಾಪಸ್ ಕೊಡುವ ಗಡುವು ಎಷ್ಟು ದಿನ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಮನೆಗೆ ಬಂದ ದಿನವೇ ಬಾಕಿ ಇರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿ, ಆಮೇಲೆ ಸಿ ಡ್ರೈವಿನಲ್ಲಿ ಎಷ್ಟು ಜಾಗ ಮಿಕ್ಕಿತು ನೋಡಿ. ನೀವು ದಿನಾ ತೆರೆಯುವಷ್ಟು ಟ್ಯಾಬ್‌ಗಳನ್ನು ತೆರೆದು, ಯಾರಿಗಾದರೂ ಒಂದು ವಿಡಿಯೋ ಕರೆ ಮಾಡಿ, ಅದರ ನಡುವೆಯೇ ಟೈಪ್ ಮಾಡಿ. ಚಾರ್ಜರ್ ಸಮೇತ ತಕ್ಕಡಿಗಿಡಿ. ರಾತ್ರಿ ಮುಚ್ಚಳ ಮುಚ್ಚಿಟ್ಟು ಬೆಳಿಗ್ಗೆ ಚಾರ್ಜ್ ಎಷ್ಟು ಇಳಿದಿದೆ ನೋಡಿ. ಅಲ್ಲಿಯವರೆಗೆ ಡಬ್ಬಿ, ಬಿಲ್ಲು, ಒಳಗಿನ ಪ್ಯಾಕಿಂಗ್ ಯಾವುದನ್ನೂ ಎಸೆಯಬೇಡಿ, ಅಂಟಿಸಿರುವ ಚೀಟಿಗಳನ್ನೂ ಕೀಳಬೇಡಿ.