ಲಾರಿ ಒಳಗೆ ಬರದ ಗ್ಯಾರೇಜ್: ಒಂದು ಹೆಚ್‌ಓ ಕಿಟ್ ಕಟ್ಟಿ ನೋಡಿದ ಮೇಲೆ

ನಾಲ್ಕು ವಾರ ಹಿಡಿಯಿತು. ನನ್ನ ಮಾದರಿ ರೈಲಿನ ಬೋರ್ಡಿಗೆ ಒಂದು ಗ್ಯಾರೇಜ್ ಬೇಕು ಅಂತ ಆನ್‌ಲೈನಲ್ಲಿ ಲೇಸರ್ ಕಟ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಿಟ್ ತರಿಸಿದ್ದೆ. 1,850 ರೂಪಾಯಿ, ಕೊರಿಯರ್ ಚಾರ್ಜ್ ಬೇರೆ. ಕಟ್ಟಿ, ಬಣ್ಣ ಬಳಿದು, ಅರ್ಧ ಕಿತ್ತು, ಮತ್ತೆ ಕಟ್ಟಿ ಈಗ ಬೋರ್ಡಿನ ಮೇಲೆ ಕೂರಿಸಿದ್ದೇನೆ. ತಗೊಳ್ಳುವ ಯೋಚನೆ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಗೋಡೆಗಳು ಬಹಳ ಚೆನ್ನಾಗಿವೆ, ಬಾಗಿಲು ತಪ್ಪು.

ನನ್ನದು 8 ಅಡಿ 4 ಅಡಿ ಪ್ಲೈವುಡ್ ಬೋರ್ಡು. ಹೆಚ್‌ಓ ಸ್ಕೇಲ್, ಅಂದರೆ ನಿಜವಾದ ವಸ್ತುವಿನ 87ರಲ್ಲಿ ಒಂದು ಪಾಲು. ಬಳ್ಳಾರಿ ತೋರಣಗಲ್ಲು ನಡುವಿನ ಒಂದು ಅದಿರು ಸೈಡಿಂಗ್, ಅಂದರೆ ಲಾರಿ ತಂದ ಅದಿರನ್ನು ವ್ಯಾಗನ್ನಿಗೆ ತುಂಬುವ ಪಕ್ಕದ ಹಳಿ, ಮಾಡುತ್ತಿದ್ದೇನೆ. ಅದಿರು ಸಾಗಿಸುವ ತೆರೆದ ಬಾಕ್ಸ್‌ಎನ್ ವ್ಯಾಗನ್ ಒಂದೊಂದು ಈ ಸ್ಕೇಲಿಗೆ 12 ಸೆಂಟಿಮೀಟರ್ ಚಿಲ್ಲರೆ ಬರುತ್ತದೆ. 58 ವ್ಯಾಗನ್ನಿನ ಪೂರ್ತಿ ರೇಕ್ ಜೋಡಿಸಬೇಕು ಅಂದರೆ 7 ಮೀಟರ್ ದಾಟುತ್ತದೆ, ನಮ್ಮ ಮನೆಯ ಹಾಲ್ ಸಾಲದು. ಒಂಬತ್ತು ವ್ಯಾಗನ್ ಓಡಿಸುತ್ತೇನೆ. ಸೈಡಿಂಗ್ ಅಂದಮೇಲೆ ಲಾರಿ ಇರಬೇಕು, ಲಾರಿ ಇದ್ದಲ್ಲಿ ಗ್ಯಾರೇಜ್ ಇರಲೇಬೇಕು. ಹೊಸಪೇಟೆ ರಸ್ತೆಯಲ್ಲಿ ಒಂದು ಸಲ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಿಟ್ ಬಿಚ್ಚಿದಾಗ ಖುಷಿಯಾಯಿತು. 2 ಮಿ.ಮೀ. ಎಂಡಿಎಫ್ ಹಾಳೆಗಳು, ಕಚ್ಚುಗಳು ಒಂದಕ್ಕೊಂದು ಟಕ್ ಅಂತ ಕೂರುತ್ತವೆ, ಎಲ್ಲೂ ಅಲುಗಾಡುವುದಿಲ್ಲ. ಗೋಡೆಯ ಇಟ್ಟಿಗೆ ಗೆರೆ ಸಣ್ಣದಾಗಿ, ಒಂದೇ ಆಳಕ್ಕೆ ಕೆತ್ತಿದ್ದಾರೆ. ಮೂಲೆಯಲ್ಲಿ ಎರಡು ಗೋಡೆ ಸೇರುವ ಕಡೆ ಇಟ್ಟಿಗೆ ಸಾಲು ಕೂಡ ಸರಿಯಾಗಿ ಕೂಡುತ್ತದೆ, ಇದನ್ನು ಎಷ್ಟೋ ದುಬಾರಿ ಕಿಟ್‌ಗಳಲ್ಲೂ ನಾನು ನೋಡಿಲ್ಲ. ಒಂದು ಕಿಟಕಿ ಚೌಕಟ್ಟು ಪ್ಯಾಕೆಟ್ಟಿನಲ್ಲಿ ಇರಲಿಲ್ಲ. ಫೋಟೋ ತೆಗೆದು ಕಳಿಸಿದೆ, ಎಂಟು ದಿನಕ್ಕೆ ಪುಕ್ಕಟೆ ಬಂತು. ಸರ್ವಿಸ್ ಬಗ್ಗೆ ದೂರಿಲ್ಲ.

ಈಗ ಬಾಗಿಲಿಗೆ ಬರೋಣ. ಎರಡು ದೊಡ್ಡ ಬಾಗಿಲು, ಒಂದು ಸಣ್ಣದು. ದೊಡ್ಡದರ ಅಗಲ 30 ಮಿ.ಮೀ., ಎತ್ತರ 34 ಮಿ.ಮೀ. ಇದನ್ನು 87ರಿಂದ ಗುಣಿಸಿ ನೋಡಿ, 2.6 ಮೀಟರ್ ಅಗಲ, 3 ಮೀಟರಿಗೂ ಸ್ವಲ್ಪ ಕಡಿಮೆ ಎತ್ತರ. ಕಾರಿಗೆ ಧಾರಾಳ ಆಯಿತು. ಆದರೆ ಲಾರಿಯ ಅಗಲವೇ ಸುಮಾರು ಎರಡೂವರೆ ಮೀಟರ್! ಪಕ್ಕಕ್ಕೆ ಒಂದು ಗೇಣು ಜಾಗ ಸಿಗುವುದಿಲ್ಲ, ಕನ್ನಡಿ ಮಡಚಿದರೂ ಕಷ್ಟ. ಮೇಲ್ಗಡೆ ಅಂತೂ ತಾಗುವುದೇ. ಪೆಟ್ಟಿಗೆಯ ಮೇಲೆ ಮಾತ್ರ 'ಟ್ರಕ್ ಗ್ಯಾರೇಜ್' ಅಂತ ದೊಡ್ಡದಾಗಿ ಬರೆದಿದೆ.

ಇಷ್ಟಕ್ಕೆ ತಕರಾರು ಯಾಕೆ, ಹಳಿಯ ವಿಷಯದಲ್ಲಿ ರಾಜಿ ಆಗಿಲ್ಲವಾ ಅಂತ ಕೇಳಬಹುದು. ಆಗಿದ್ದೇವೆ, ನಿಜ. ನಮ್ಮ ಬ್ರಾಡ್ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1676 ಮಿ.ಮೀ., ಲೆಕ್ಕದ ಪ್ರಕಾರ ಹೆಚ್‌ಓದಲ್ಲಿ 19.3 ಮಿ.ಮೀ. ಆಗಬೇಕು, ನಾವೆಲ್ಲ 16.5ರ ಹಳಿ ಮೇಲೆ ಓಡಿಸುತ್ತೇವೆ. ಆದರೆ ಆ ಮೂರು ಮಿ.ಮೀ. ವ್ಯತ್ಯಾಸ ರೈಲು ಓಡುವಾಗ ಕಣ್ಣಿಗೆ ಬೀಳುವುದಿಲ್ಲ. ಬಾಗಿಲ ಮುಂದೆ ಲಾರಿ ನಿಲ್ಲಿಸಿದ ಕೂಡಲೇ ಬಾಗಿಲು ಸಾಲದು ಅನ್ನುವುದು ಚಿಕ್ಕ ಹುಡುಗನಿಗೂ ಕಾಣುತ್ತದೆ. ನಮ್ಮ ಮಾವನಿಗೆ ಕಂಡಿತು. ಅವರು ಮೂವತ್ತು ವರ್ಷ ಲಾರಿ ಮೇಸ್ತ್ರಿ ಆಗಿದ್ದವರು. ನಾನು ಬಣ್ಣ ಮುಗಿಸಿ ತೋರಿಸಿದ ದಿನ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಚಂದ ಆಗೈತಿ ಅಳಿಯಾ. ಲಾರಿ ಹೆಂಗ ಒಳಗ ತರ್ತೀ?" ಅಂದರು. ಆಮೇಲೆ ಇನ್ನೊಂದು ಕೇಳಿದರು. "ಗುಂಡಿ ಎಲ್ಲೈತಿ?" ಲಾರಿಯ ಅಡಿಗೆ ಇಳಿದು ರಿಪೇರಿ ಮಾಡುವ ಗುಂಡಿ.

ಆ ಎರಡು ಪ್ರಶ್ನೆಯ ಮೇಲೆ ಅರ್ಧ ಕಿತ್ತೆ.

ಎರಡು ದೊಡ್ಡ ಬಾಗಿಲ ನಡುವೆ 8 ಮಿ.ಮೀ. ಕಂಬ ಇದೆ, ಅದನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ತೆಗೆದು, ಮೇಲೆ 50 ಮಿ.ಮೀ. ತನಕ ಬಿಚ್ಚಿದೆ. ಈಗ 68 ಮಿ.ಮೀ. ಅಗಲದ ಒಂದೇ ದೊಡ್ಡ ಬಾಯಿ ಆಯಿತು. ನಮ್ಮ ಕಡೆಯ ಲಾರಿ ಗ್ಯಾರೇಜುಗಳು ಇರುವುದೂ ಹಾಗೆಯೇ ಅಲ್ವಾ, ಮುಂದೆ ಪೂರ್ತಿ ತೆರೆದು, ಮೇಲೆ ಒಂದು ಕಬ್ಬಿಣದ ತೊಲೆ. ಕೊಯ್ಯುವಾಗ ಎಂಡಿಎಫ್ ಅಂಚು ಹತ್ತಿಯ ಹಾಗೆ ಬಿರಿಯುತ್ತದೆ. ನೀರು ಬೆರೆಸಿದ ಫೆವಿಕಾಲ್ ಎರಡು ಕೋಟ್ ಹಚ್ಚಿ, ಒಣಗಿದ ಮೇಲೆ ನುಣುಪು ಸ್ಯಾಂಡ್ ಪೇಪರ್ ಹೊಡೆಯಿರಿ. ಲೇಸರ್ ಸುಟ್ಟ ಕಂದು ಅಂಚುಗಳಿಗೂ ಇದೇ ಮದ್ದು, ಇಲ್ಲದಿದ್ದರೆ ಎಷ್ಟು ಬಣ್ಣ ಹಚ್ಚಿದರೂ ಕುಡಿದುಬಿಡುತ್ತದೆ. ಇನ್ನೊಂದು ಮಾತು, ನೀರಿನ ಬಣ್ಣ ಹಚ್ಚುವವರು ಹಾಳೆಯ ಎರಡೂ ಕಡೆ ಹಚ್ಚಿ. ಒಂದೇ ಕಡೆ ಹಚ್ಚಿದ್ದಕ್ಕೆ ನನ್ನ ಹಿಂದಿನ ಗೋಡೆ ಹಪ್ಪಳದ ಥರ ಬಾಗಿತು. ರಾತ್ರಿಯಿಡೀ ಮೇಲೆ ಭಾರ ಹೇರಿ ಸರಿ ಮಾಡಿದೆ.

ಕಿಟ್‌ನ ಛಾವಣಿ ನನಗೆ ಒಪ್ಪಿಗೆಯಾಗಲಿಲ್ಲ. ಹಿಮ ಬೀಳುವ ಊರಿನ ಕಡಿದಾದ ಛಾವಣಿ, ಮೇಲೆ ಹೆಂಚಿನ ಗೆರೆ. ಬಳ್ಳಾರಿಯ ಗ್ಯಾರೇಜಿಗೆ ತಗಡು ಬೇಕು. ಇದಕ್ಕೆ ಸಿಕ್ಕ ಉಪಾಯವನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ತೃಪ್ತಿ ಕೊಟ್ಟಿದ್ದು ಇದೇ. ನಿಜವಾದ ಅಲೆ ತಗಡಿನಲ್ಲಿ ಒಂದು ಅಲೆಯಿಂದ ಇನ್ನೊಂದಕ್ಕೆ 75 ಮಿ.ಮೀ. ಇರುತ್ತದೆ. ಅದನ್ನು 87ರಿಂದ ಭಾಗಿಸಿದರೆ 0.86. ಸಾಮಾನ್ಯ 5 ಎಂಎಂ ಬೋಲ್ಟಿನ ಮರೆಯಲ್ಲಿ (ಥ್ರೆಡ್‌ನಲ್ಲಿ) ಒಂದು ಸುತ್ತಿನಿಂದ ಇನ್ನೊಂದಕ್ಕೆ 0.8 ಮಿ.ಮೀ. ಬಹುತೇಕ ಅದೇ! ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದಕ್ಕೂ ಮರೆ ಇರುವ 5 ಎಂಎಂ ಥ್ರೆಡ್ ರಾಡ್ ಸಿಗುತ್ತದೆ, ಒಂದು ತುಂಡು ತಂದೆ. ಹೋಟೆಲಿನಿಂದ ಊಟ ಪಾರ್ಸೆಲ್ ಬರುವ ಅಲ್ಯೂಮಿನಿಯಂ ಡಬ್ಬಿಯ ತಳ ಕತ್ತರಿಸಿ, ಹಳೆ ಮೌಸ್ ಪ್ಯಾಡ್ ಮೇಲಿಟ್ಟು, ಅದರ ಮೇಲೆ ರಾಡನ್ನು ಚಪಾತಿ ಲಟ್ಟಿಸುವ ಹಾಗೆ ಒತ್ತಿ ಉರುಳಿಸಬೇಕು. ಒಂದೇ ಸಲ, ಒಂದೇ ದಿಕ್ಕಿಗೆ. ಹಿಂದೆ ಮುಂದೆ ಆಡಿಸಿದರೆ ಗೆರೆ ಮೇಲೆ ಗೆರೆ ಬಿದ್ದು ಕೆಡುತ್ತದೆ. ಮರೆ ಸುರುಳಿ ಆಗಿರುವುದರಿಂದ ಗೆರೆ ಒಂಚೂರು ಓರೆ ಬೀಳುತ್ತದೆ, ತುಂಡು ಮಾಡುವಾಗ ಸ್ಕೇಲನ್ನು ಆ ಗೆರೆಗೇ ಹೊಂದಿಸಿ ಇಟ್ಟು ಕತ್ತರಿಸಿದರೆ ಆಯಿತು. ತಗಡು ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಅಂಟಿಸಿ, ಅಂಚನ್ನು ಅಲ್ಲಲ್ಲಿ ಉಗುರಿನಿಂದ ಎತ್ತಿದೆ. ಹತ್ತಿರದಿಂದ ನೋಡಿದರೂ ತಗಡೇ.

ಶೆಟರ್‌ಗೂ ಅದೇ ರಾಡು. ಕಿಟ್‌ನಲ್ಲಿ ಬರುವ ಕಾರ್ಡ್ ಶೆಟರ್‌ನ ಪಟ್ಟಿ 2 ಮಿ.ಮೀ. ಅಗಲ, ಅಂದರೆ ನಿಜದಲ್ಲಿ 17 ಸೆಂಟಿಮೀಟರ್. ಅಷ್ಟು ಅಗಲದ ಪಟ್ಟಿಯ ಶೆಟರ್ ಯಾವ ಅಂಗಡಿಗೂ ಇರುವುದಿಲ್ಲ. ಸಣ್ಣ ಬಾಗಿಲಿಗೆ ಡಬ್ಬಿ ತಗಡಿನದೇ ಅರ್ಧ ಎತ್ತಿದ ಶೆಟರ್ ಮಾಡಿದೆ. ಸ್ಪೇರ್ ಪಾರ್ಟ್ಸ್ ಇಡುವ ಕೋಣೆ ಅದು.

ಗುಂಡಿ ಮಾಡಲು ಪ್ಲೈವುಡ್ ಕೊರೆಯಬೇಕಾಯಿತು. ಅಗಲ 10, ಉದ್ದ 69, ಆಳ 17 ಮಿ.ಮೀ., ಮಾವ ಕೈಯಲ್ಲೇ ಅಳತೆ ತೋರಿಸಿ ಹೇಳಿದ್ದನ್ನು ಲೆಕ್ಕ ಹಾಕಿದ್ದು. ಬೋರ್ಡಿಗೆ ಥರ್ಮಾಕೋಲ್ ಹಾಸಿದವರಿಗೆ ಇದು ಹತ್ತು ನಿಮಿಷದ ಕೆಲಸ.

ಲೈಟಿಗೆ ಕಿಟ್‌ನಲ್ಲಿ ಎರಡು ಬಿಳಿ ಎಲ್‌ಇಡಿ, 12 ವೋಲ್ಟಿಗೆ ಅಂತ ಕರೆಂಟ್ ತಗ್ಗಿಸುವ 470 ಓಮ್ ರೆಸಿಸ್ಟರ್ ಕೊಟ್ಟಿದ್ದಾರೆ. ಹಚ್ಚಿದರೆ ಮದುವೆ ಚಪ್ಪರದ ಬೆಳಕು. 4.7 ಕಿಲೋ ಓಮ್ ಹಾಕಿ, ಎಲ್‌ಇಡಿ ತುದಿಗೆ ಒಂದು ತೊಟ್ಟು ಹಳದಿ ಬಣ್ಣ ಮುಟ್ಟಿಸಿ. ಹಳಿಯ ಕರೆಂಟಿನಿಂದ ಮಾತ್ರ ತಗೋಬೇಡಿ, ಡಿಸಿಯಲ್ಲಿ, ಅಂದರೆ ಹಳಿಯ ವೋಲ್ಟೇಜ್ ಏರಿಸಿ ಇಳಿಸಿ, ಓಡಿಸುವವರಿಗೆ ರೈಲು ನಿಧಾನ ಮಾಡಿದಾಗೆಲ್ಲ ಗ್ಯಾರೇಜೂ ಮಂಕಾಗುತ್ತದೆ. ಬೇರೆ ಅಡಾಪ್ಟರ್ ಇಡಿ.

ಕೊನೆಗೆ ಧೂಳು. ಮಾದರಿಗೆ ಹಳೆಯ ಕಳೆ ತರಲು ಅಂಗಡಿಯಲ್ಲಿ ಸಿಗುವ ವೆದರಿಂಗ್ ಪೌಡರ್ ಬೇಕಿಲ್ಲ. ಸಂಡೂರು ರಸ್ತೆಯ ಬದಿಯಿಂದ ಒಂದು ಹಿಡಿ ಕೆಂಪು ಧೂಳು ತಂದು, ಬಿಸಿಲಿಗೆ ಒಣಗಿಸಿ, ತೆಳು ಹತ್ತಿ ಬಟ್ಟೆಯಲ್ಲಿ ಜರಡಿ ಹಿಡಿದೆ. ತಗಡಿನ ಅಲೆಗಳಲ್ಲಿ, ಕಿಟಕಿ ಕೆಳಗೆ, ಗೋಡೆಯ ಬುಡದಲ್ಲಿ ಮೆತ್ತನೆ ಬ್ರಷ್‌ನಿಂದ ಹಚ್ಚಿದೆ. ನೆಲಕ್ಕೆ ಕಪ್ಪು ಬಣ್ಣದಲ್ಲಿ ಒಂದು ಹನಿ ಹೊಳೆಯುವ ವಾರ್ನಿಶ್ ಬೆರೆಸಿ ಆಯಿಲ್ ಕಲೆ ಮಾಡಿದೆ. ಆ ಕಲೆಯ ಅಂಚಿಗೆ ಕೆಂಪು ಧೂಳು ಅಂಟಿಕೊಂಡಾಗ ನನಗೆ ಚಿಕ್ಕಂದಿನಲ್ಲಿ ಮಾವನಿಗೆ ಬುತ್ತಿ ಕೊಡಲು ಹೋಗುತ್ತಿದ್ದ ಆ ನೆಲವೇ ಕಂಡಿತು. ಧೂಳನ್ನು ಹೇರ್ ಸ್ಪ್ರೇ ಹೊಡೆದು ಕೂರಿಸುವುದು ಮರೆಯಬೇಡಿ. ಈ ಕೆಲಸವನ್ನು ಬೋರ್ಡಿನಿಂದ ದೂರ ಕೂತು ಮಾಡಿ, ಹಳಿ ಮೇಲೆ ಧೂಳು ಬಿದ್ದರೆ ಚಕ್ರಕ್ಕೆ ಕರೆಂಟ್ ಸಿಗದೆ ಎಂಜಿನ್ ತಡವರಿಸುತ್ತದೆ.

ಹಾಗಾದರೆ ತಗೋಬೇಕಾ? ಕಾರು, ಜೀಪು ನಿಲ್ಲಿಸುವವರು ಧೈರ್ಯವಾಗಿ ತಗೊಳ್ಳಿ, ಗೋಡೆಯ ಕೆಲಸಕ್ಕೇ ಆ ದುಡ್ಡು ಸಲ್ಲುತ್ತದೆ. ಲಾರಿ ನಿಲ್ಲಿಸುವವರು ಬಾಗಿಲು ಕೊಯ್ಯಲು ತಯಾರಿದ್ದರೆ ಮಾತ್ರ ತಗೊಳ್ಳಿ, ಅದನ್ನೂ ಬಣ್ಣ ಹಚ್ಚುವ ಮೊದಲು ಕೊಯ್ದುಬಿಡಿ. ಮಾರುವವರಿಗೂ ಬರೆದಿದ್ದೇನೆ, ಬಾಗಿಲನ್ನು 50 ಮಿ.ಮೀ. ಎತ್ತರ ಮಾಡಿ ಇಲ್ಲವೇ ಪೆಟ್ಟಿಗೆಯ ಮೇಲಿನ 'ಟ್ರಕ್' ತೆಗೆಯಿರಿ ಅಂತ. ಉತ್ತರ ಬಂದರೆ ಇಲ್ಲೇ ಸೇರಿಸುತ್ತೇನೆ. ಮಾವ ಮೊನ್ನೆ ಮತ್ತೆ ಬಂದಿದ್ದರು. ಗುಂಡಿಯ ಎಡಕ್ಕೆ ಇಟ್ಟಿದ್ದ ಆಯಿಲ್ ಡ್ರಮ್ ಎತ್ತಿ ಹಿಂದಿನ ಗೋಡೆಗೆ ಒರಗಿಸಿ ಇಟ್ಟು, "ಇಲ್ಲಿದ್ರ ಕಾಲಿಗೆ ತೊಡರ್ತೈತಿ" ಅಂದರು.